ಶಿಂಷೆಯ ಮೇಲಿನ ಗುಬ್ಬಿ, ಕೆಳಗಿನ ಕುಣಿಗಲ್

ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷೆ ಬಯಲುಸೀಮೆಯ ಹೊಳೆ. ಮಳೆ ಬಿದ್ದರೆ ಉಂಟು, ಇಲ್ಲದಿದ್ದರೆ ಬರೀ ಮರಳು. ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ಅದನ್ನು ಒಮ್ಮೆ ಕಟ್ಟಿ ನಿಲ್ಲಿಸಿದ್ದಾರೆ. ತುರುವೇಕೆರೆ ಸೀಮೆ ದಾಟಿದ ಮೇಲೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಮತ್ತೊಮ್ಮೆ ಕಟ್ಟಿದ್ದಾರೆ. ಅಲ್ಲಿಂದ ಮುಂದೆ ಅದು ಮದ್ದೂರಿನ ಪಾಲು, ಕಾವೇರಿಯ ಪಾಲು. ಮೇಲಿನ ಗುಬ್ಬಿಯೂ ಕೆಳಗಿನ ಕುಣಿಗಲ್ಲೂ ಒಂದೇ ಹೊಳೆಯ ಊರುಗಳು. ಇವತ್ತು ಎರಡೂ ತಾಲ್ಲೂಕಿನವರು ನೀರಿಗಾಗಿಯೇ ಮುಖ ತಿರುಗಿಸಿ ಕೂತಿದ್ದಾರೆ. ಅವರ ಚರಿತ್ರೆಯನ್ನು ಒಟ್ಟಿಗೆ ಓದಬೇಕಾದ ಹೊತ್ತು ಇದು.

ಕಡಬದ ಕೆರೆಯನ್ನು ರಾಮ ಲಂಕೆಯಿಂದ ಮರಳುವಾಗ ಸೀತೆಯ ಮಾತಿಗೆ ಕಟ್ಟಿಸಿದನೆಂದು ಜನರ ನಂಬಿಕೆ. ದಾಖಲೆಯ ಮಾತಿಗೆ ಬಂದರೆ ಕಡಬದ ತಾಮ್ರಶಾಸನವಿದೆ. ರಾಷ್ಟ್ರಕೂಟರ ಮೂರನೆಯ ಗೋವಿಂದ ಅರ್ಕಕೀರ್ತಿ ಎಂಬ ಜೈನಮುನಿಗೆ ಜಾಲಮಂಗಲ ಗ್ರಾಮವನ್ನು ದತ್ತಿ ಬಿಟ್ಟ ಸಂಗತಿ ಅದರಲ್ಲಿದೆ. ಕಾಲ ಕ್ರಿ.ಶ. 812ರ ಆಸುಪಾಸು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಇಡೀ ತಾಲ್ಲೂಕಿಗೆ ಕಡಬ ತಾಲ್ಲೂಕೆಂದೇ ಹೆಸರಿತ್ತು. ಈಗ ಕಡಬ ಒಂದು ಹೋಬಳಿ ಮಾತ್ರ. ಗುಬ್ಬಿ ಕಸಬಾ, ನಿಟ್ಟೂರು, ಚೇಳೂರು, ಹಾಗಲವಾಡಿ ಮತ್ತು ಚಂದ್ರಶೇಖರಪುರ ಉಳಿದ ಐದು. ನಿಟ್ಟೂರಿನಲ್ಲಿ ಹೊಯ್ಸಳರ ಕಾಲದ ಬಸದಿಯಿದೆ. ಹಾಗಲವಾಡಿ ಪಾಳೆಯಗಾರರ ಊರು.

ಕೆರೆಯ ಊರನ್ನು ಹಿಂದಕ್ಕೆ ತಳ್ಳಿ ಗುಬ್ಬಿ ಮುಂದೆ ಬಂದದ್ದು ಸಂತೆಯ ಬಲದಿಂದ. ಹದಿನಾರನೆಯ ಶತಮಾನದ ಕವಿ ಗುಬ್ಬಿಯ ಮಲ್ಲಣಾರ್ಯ ತನ್ನ ಹೆಸರಿನಲ್ಲೇ ಊರನ್ನು ಹೊತ್ತಿದ್ದಾನೆ. ಊರನ್ನು ಕಟ್ಟಿದವರು ಹತ್ತಿರದ ಹೊಸಹಳ್ಳಿಯ ಗೌಡರೆಂದು ಹಳೆಯ ಗೆಜೆಟಿಯರು ಹೇಳುತ್ತದೆ. ಆ ಮನೆತನದ ಮೂಲಪುರುಷ ಹೊನ್ನಪ್ಪಗೌಡ ಮೂರು ಲಕ್ಷ ಅಡಿಕೆ ಮರಗಳ ಒಡೆಯನೆನಿಸಿದ್ದನಂತೆ. ಆ ಲೆಕ್ಕವನ್ನು ಯಾರೂ ಎಣಿಸಿ ನೋಡಿರಲಾರರು. ಆದರೆ ಇಲ್ಲಿ ದೊಡ್ಡಸ್ತಿಕೆಯನ್ನು ಮರ ಎಣಿಸಿ ಅಳೆಯುತ್ತಿದ್ದರು ಎಂಬುದು ಅದರಿಂದ ತಿಳಿಯುತ್ತದೆ. ಇವತ್ತಿಗೂ ಹೆಣ್ಣು ಕೊಡುವವರು, ಸಾಲ ಕೊಡುವವರು ಕೇಳುವುದು ಅದನ್ನೇ, ತೋಟ ಎಷ್ಟಿದೆ ಅಂತ.

ಮಲೆನಾಡಿನ ಅಡಿಕೆ ಘಟ್ಟದ ಕಡೆಯಿಂದ ಗುಬ್ಬಿಗೆ ಬಂದು, ಇಲ್ಲಿನ ವರ್ತಕರ ಕೈ ದಾಟಿ, ಆರ್ಕಾಟು ಸೀಮೆಯ ವಾಲಾಜಾಪೇಟೆಗೆ ಹೋಗುತ್ತಿತ್ತು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಗುಬ್ಬಿಯ ವಾರದ ಸಂತೆಯನ್ನು ಗಮನಿಸಿ ಬರೆದಿಟ್ಟ. ಯುದ್ಧಗಳು ಮುಗಿದ ಬೆನ್ನಿಗೇ ಸಂತೆ ನಡೆಯುತ್ತಿತ್ತು ಎಂಬುದು ಗುಬ್ಬಿಯ ಗಟ್ಟಿತನಕ್ಕೆ ಸಾಕ್ಷಿ. ಜನ ಸೇರುವ ಊರೆಂದೇ ಇರಬೇಕು, 1837ರಲ್ಲಿ ವೆಸ್ಲಿಯನ್ ಮಿಷನ್ ಇಲ್ಲಿ ನೆಲೆ ಮಾಡಿತು. ಇಲ್ಲಿದ್ದ ವಿಲಿಯಂ ಆರ್ಥರ್ ಎಂಬ ಪಾದ್ರಿ ಊರಿಗೆ ಮರಳಿದ ಮೇಲೆ ಮೈಸೂರಿನ ತನ್ನ ಅನುಭವಗಳನ್ನು ಪುಸ್ತಕ ಮಾಡಿದ.

1884 ಈ ಸೀಮೆಗೆ ಮರೆಯಬಾರದ ವರ್ಷ. ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದದ್ದು ಆಗ. ಅದೇ ವರ್ಷ ಗುಬ್ಬಿಯಲ್ಲಿ ಚಂದಣ್ಣನವರು, ಅಬ್ದುಲ್ ಅಜೀಜ್ ಸಾಹೇಬರು ಮತ್ತು ಗೆಳೆಯರು ಸೇರಿ ಊರದೇವರು ಚನ್ನಬಸವೇಶ್ವರನ ಹೆಸರಿನಲ್ಲಿ ನಾಟಕ ಮಂಡಳಿ ಕಟ್ಟಿದರು. ಬಾಲನಟನಾಗಿ ಅದನ್ನು ಸೇರಿದ ವೀರಣ್ಣ (1891–1972) ಮುಂದೆ ಅದರ ಯಜಮಾನರಾದರು. ಆನೆ ಕುದುರೆಗಳನ್ನೇ ರಂಗಕ್ಕೆ ತಂದು ‘ಕುರುಕ್ಷೇತ್ರ’ ಆಡಿಸಿದರು. ಕೊಡುವ ವರ್ತಕರು, ನೋಡುವ ಸಂತೆಯ ಜನ, ಹೊತ್ತೊಯ್ಯುವ ರೈಲು ಈ ಮೂರೂ ಇದ್ದದ್ದರಿಂದಲೇ ಕಂಪನಿ ಬದುಕಿತು ಎಂದು ನನ್ನ ತಿಳಿವಳಿಕೆ. ಕಲೆಯ ಚರಿತ್ರೆ ಬರೆಯುವವರು ಗುಬ್ಬಿಯ ಅಡಿಕೆ ಮಂಡಿಯನ್ನೂ ಅದರಲ್ಲಿ ಸೇರಿಸಬೇಕು.

ಕುಣಿಗಲ್ಲಿನ ಬದುಕು ಬೇರೆ ಬಗೆಯದು. ಅಲ್ಲಿನ ದೊಡ್ಡಕೆರೆಯ ಮೇಲಿನ ಜನಪದ ಹಾಡನ್ನು ಕೇಳದ ಕನ್ನಡಿಗರು ಕಡಿಮೆ. ಮಾರ್ಕೋನಹಳ್ಳಿ ಅಣೆಕಟ್ಟೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ್ದು. ನೀರು ಗುರುತಿನ ಮಟ್ಟ ಮುಟ್ಟಿದರೆ ಯಾರೂ ಬಾಗಿಲು ಎತ್ತಬೇಕಿಲ್ಲ, ಸೈಫನ್‌ಗಳು ತಾವಾಗಿಯೇ ನೀರನ್ನು ಸೆಳೆದು ಹೊರಗೆ ಬಿಡುತ್ತವೆ. ಸುಮಾರು 15 ಸಾವಿರ ಎಕರೆಗೆ ನೀರುಣಿಸಲು ಕಟ್ಟಿದ ಆ ಏರಿ ನೋಡಿದರೆ ಹಳೆಯ ಮೈಸೂರಿನ ಎಂಜಿನಿಯರುಗಳ ಮೇಲೆ ಗೌರವ ಮೂಡುತ್ತದೆ. ಇನ್ನು ಕುದುರೆ ಫಾರಂ. ಟಿಪ್ಪುವಿನ ಅಶ್ವದಳಕ್ಕೆ ಕುದುರೆ ಸಾಕಲು ಬಳಕೆಯಾದ ಜಾಗ ಆಮೇಲೆ ಬ್ರಿಟಿಷರ ಸೇನೆಗೆ ದುಡಿಯಿತು, ಕೊನೆಗೆ ಪಂದ್ಯದ ಕುದುರೆಗಳ ತಾಣವಾಯಿತು. ಇದರ ಜೊತೆಗೆ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲನ್ನೂ ಇಟ್ಟು ನೋಡಿ. ಅಲ್ಲಿನ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ 2016ರಲ್ಲಿ ಶಂಕುಸ್ಥಾಪನೆಯಾಗಿ 2023ರ ಫೆಬ್ರವರಿ 6ರಂದು ಉದ್ಘಾಟನೆ ಆಯಿತು. ಎರಡು ಶತಮಾನಗಳ ಅಂತರದಲ್ಲಿ ಸೈನ್ಯ ಈ ಸೀಮೆಯ ನೆಲವನ್ನು ಎರಡು ಸಲ ಕೇಳಿದೆ. ದನ ಮೇಯುತ್ತಿದ್ದ ಕಾವಲು ಕೊಟ್ಟ ಸುತ್ತಲಿನ ಹಳ್ಳಿಗಳ ಹುಡುಗರಿಗೆ ಅಲ್ಲಿ ಕೆಲಸ ಸಿಗಬೇಕಾದದ್ದು ನ್ಯಾಯ.

ಇಷ್ಟಾದರೂ ಮನೆ ನಡೆಯುವುದು ತೆಂಗಿನಿಂದ. ರಾಗಿ, ಅವರೆ, ಹುರುಳಿಯ ಹೊಲಗಳು ಒಂದೊಂದಾಗಿ ತೋಟವಾದವು. ಕಾಯಿ ಕೆಡವಿ ಅಟ್ಟಕ್ಕೆ ಹಾಕಿದರೆ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಮಗಳ ಮದುವೆ, ಮಗನ ಕಾಲೇಜಿನ ಫೀಸು ಎಲ್ಲ ಅಷ್ಟು ದಿನ ಅಟ್ಟದ ಮೇಲೆಯೇ ಇರುತ್ತವೆ. ಆಮೇಲೆ ತಿಪಟೂರಿನ ಹರಾಜು. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12,000 ರೂಪಾಯಿ ಬೆಂಬಲ ಬೆಲೆ ಗೊತ್ತು ಮಾಡಿದರೂ ಮಾರುಕಟ್ಟೆ ಅದಕ್ಕಿಂತ ಕೆಳಗಿತ್ತು, ಖರೀದಿ ಕೇಂದ್ರದ ಮುಂದೆ ರೈತರು ಸರದಿ ನಿಂತರು. ಮರುವರ್ಷ ಬೆಲೆ 20 ಸಾವಿರ ದಾಟಿತು. ಆ ಹೊತ್ತಿಗೆ ಎಷ್ಟೋ ಮನೆಗಳ ಅಟ್ಟ ಬರಿದಾಗಿತ್ತು. ನುಸಿ, ಕಪ್ಪುತಲೆ ಹುಳು, ಕಾಂಡ ಸೋರುವ ರೋಗ, ಈಚಿನ ಬಿಳಿನೊಣ ಇಳುವರಿಯನ್ನು ತಿಂದಿದ್ದವು.

ತೋಟದ ಬದುವಿನಲ್ಲಿ ತಾನಾಗಿ ಬೆಳೆದ ಹಲಸು ಮಾತ್ರ ಈ ಕಾಲದಲ್ಲಿ ಗೌರವ ಗಳಿಸಿತು. ಚೇಳೂರಿನ ಹಲಸಿನ ಸಂತೆಗೆ ದೂರದೂರಿನ ಲಾರಿಗಳು ಬರುತ್ತವೆ. ಅಲ್ಲಿನ ಒಂದು ರೈತ ಕುಟುಂಬ ಉಳಿಸಿಕೊಂಡಿದ್ದ ಕೆಂಪು ತೊಳೆಯ ಮರವನ್ನು ಹಿರೇಹಳ್ಳಿಯ ತೋಟಗಾರಿಕಾ ಕೇಂದ್ರದ ವಿಜ್ಞಾನಿಗಳು ಗುರುತಿಸಿ ‘ಸಿದ್ದು’ ಎಂಬ ತಳಿಯಾಗಿ ಹೊರತಂದರು, ಕಸಿ ಗಿಡದ ಆದಾಯದಲ್ಲಿ ಆ ಕುಟುಂಬಕ್ಕೂ ಪಾಲು ಕೊಟ್ಟರು.

ತೆಂಗೂ ಅಡಿಕೆಯೂ ನೀರು ಬೇಡುವ ಮರಗಳು. ಕೆರೆಗಳು ಬತ್ತಿದಾಗ ಕೊಳವೆಬಾವಿ ಆಳಕ್ಕೆ ಇಳಿಯಿತು. ಗೊರೂರಿನ ಹೇಮಾವತಿ ಬಾಗೂರು–ನವಿಲೆ ಸುರಂಗ ಹೊಕ್ಕು ಈ ಕಡೆ ಬಂದ ಮೇಲೆ ಉಸಿರು ಬಂತು. ತುಮಕೂರು ನಗರ ಬುಗುಡನಹಳ್ಳಿ ಕೆರೆಯಿಂದ ಕುಡಿಯುವುದೂ ಅದೇ ನೀರನ್ನು. ಕುಣಿಗಲ್ ಇರುವುದು ನಾಲೆಯ ಕೊನೆಯಲ್ಲಿ. ತಮ್ಮ ಪಾಲು ತಮಗೆ ಮುಟ್ಟುತ್ತಲೇ ಇಲ್ಲ ಎಂಬ ಅವರ ದೂರು ಹಳೆಯದು, ನಿಜವಾದದ್ದು. ಅದಕ್ಕೆಂದು ಸುಮಾರು ಸಾವಿರ ಕೋಟಿ ರೂಪಾಯಿಯ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಯೋಜನೆ ಬಂತು. ನಡುದಾರಿಯಲ್ಲೇ ಪೈಪಿನಲ್ಲಿ ನೀರು ಎತ್ತಿದರೆ ಮುಂದಿನ ನಾಲೆ ಒಣಗುತ್ತದೆ ಎಂಬುದು ಗುಬ್ಬಿಯ ರೈತರ ಅಂಜಿಕೆ. ಅದೂ ಸುಳ್ಳಲ್ಲ. 2025ರ ಮೇ ಕೊನೆಯಲ್ಲಿ ನಿಷೇಧಾಜ್ಞೆಯ ನಡುವೆಯೇ ರೈತರು, ಮಠಾಧೀಶರು ಬೀದಿಗಿಳಿದರು.

ಇಂಥ ಜಗಳವನ್ನು ಎಲ್ಲಿ ಕೂತು ಬಿಡಿಸಬೇಕು? 2008ರಿಂದ ಕುಣಿಗಲ್ ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರಕ್ಕೆ ಮತ ಹಾಕುತ್ತದೆ, ಗುಬ್ಬಿ ತುಮಕೂರಿಗೆ. ಎರಡೂ ತಾಲ್ಲೂಕಿನ ಹಳ್ಳಿಗಳ ಸದಸ್ಯರು ಒಂದೇ ಸೂರಿನಡಿ ಕೂರುವ ಚುನಾಯಿತ ಸಭೆ ಜಿಲ್ಲಾ ಪಂಚಾಯಿತಿಯೊಂದೇ. 1959ರ ಕಾಯ್ದೆ ತಾಲ್ಲೂಕು ಅಭಿವೃದ್ಧಿ ಮಂಡಳಿ ಕೊಟ್ಟಿತು. ಅಬ್ದುಲ್ ನಜೀರ್ ಸಾಬರ ಕಾಲದ 1983ರ ಕಾಯ್ದೆ ಜಿಲ್ಲಾ ಪರಿಷತ್ತಿಗೆ ನಿಜವಾದ ಅಧಿಕಾರ ಕೊಟ್ಟಿತು. ಇಂದಿನ ವ್ಯವಸ್ಥೆ ಬಂದದ್ದು 1993ರ ಕಾಯ್ದೆಯಿಂದ. ಅದರಡಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು, ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ನಾಲ್ಕು ವರ್ಷ ಕಳೆದರೂ ಚುನಾವಣೆ ಆಗಲಿಲ್ಲ. ಲಿಂಕ್ ಕೆನಾಲಿನ ಜಗಳ ಕಾವೇರಿದ್ದು ಸರಿಯಾಗಿ ಆ ವರ್ಷಗಳಲ್ಲಿ.

ದೊಡ್ಡ ನಾಲೆಗಳು ಪಂಚಾಯಿತಿಯ ಅಧಿಕಾರಕ್ಕೆ ಸೇರಿದವಲ್ಲ, ನಿಜ. ಆದರೂ ಯಾವ ಕೆರೆಗೆ ಎಷ್ಟು ನೀರು ಬಂತು ಎಂಬ ಲೆಕ್ಕವನ್ನು ಎರಡೂ ಕಡೆಯವರ ಮುಂದೆ ಓದಿ, ಇಬ್ಬರ ಮಾತನ್ನೂ ದಾಖಲಿಸಲು ಬೇರೆ ಜಾಗ ಜಿಲ್ಲೆಯಲ್ಲಿಲ್ಲ. ಗುಬ್ಬಿಯವರೂ ಕುಣಿಗಲ್ಲಿನವರೂ ಪೈಪಿನ ಪರ-ವಿರೋಧದ ಕೂಗಿನ ಜೊತೆಗೆ ಒಂದೇ ದನಿಯಲ್ಲಿ ಕೇಳಬೇಕಾದ ಬೇಡಿಕೆ ಇದೆ: ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಚುನಾವಣೆಯನ್ನು ಕಾಲಕಾಲಕ್ಕೆ ತಪ್ಪದೆ ನಡೆಸಿ, ಆ ಸಭೆಯಲ್ಲಿ ನೀರಿನ ಲೆಕ್ಕ ಇಡಿ.