ಸೂಚ್ಯಂಕಾನುಬದ್ಧ ವರ್ಷಾಶನಗಳಲ್ಲಿ ಪ್ರತಿಫಲದ ಗಣನೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಕೀಪೋರ್ಟ್ ಎಂಬ ಜೀವವಿಮಾ ಸಂಸ್ಥೆಯು 1995ರಲ್ಲಿ ಷೇರುಪೇಟೆಯ ಸೂಚ್ಯಂಕಕ್ಕೆ ಅನುಬದ್ಧವಾದ ವರ್ಷಾಶನವನ್ನು ಮೊತ್ತಮೊದಲು ಮಾರಾಟಕ್ಕೆ ತಂದಂದಿನಿಂದ, ಈ ಜಾತಿಯ ಕರಾರುಗಳನ್ನು ಕುರಿತು ಎರಡು ಮಾತುಗಳು ಪ್ರಚಾರದಲ್ಲಿವೆ: ಪೇಟೆ ಏರಿದರೆ ಆ ಏರಿಕೆಯಲ್ಲಿ ಪಾಲುಂಟು, ಇಳಿದರೆ ಮೂಲಧನಕ್ಕೆ ಚ್ಯುತಿಯಿಲ್ಲ. ಎರಡೂ ಸುಳ್ಳಲ್ಲ. ಆದರೆ ಆ ಪಾಲು ಎಷ್ಟೆಂಬುದನ್ನು ಸೂಚ್ಯಂಕಕ್ಕಿಂತ ಮಿಗಿಲಾಗಿ ಕರಾರಿನ ಗಣಿತವೇ ನಿರ್ಣಯಿಸುವುದೆಂಬುದನ್ನೂ, ಆ ಗಣಿತದ ಬೇರು ಬಡ್ಡಿಯ ದರದಲ್ಲಿ ಅಡಗಿರುವುದೆಂಬುದನ್ನೂ ವಿಶದಪಡಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ತಿಳಿಯತಕ್ಕ ಸಂಗತಿಯೆಂದರೆ, ಗ್ರಾಹಕನು ಕೊಟ್ಟ ಹಣದಿಂದ ಅವನ ಹೆಸರಿನಲ್ಲಿ ಒಂದು ಷೇರನ್ನೂ ಕೊಳ್ಳುವುದಿಲ್ಲ. ನಮ್ಮ ದೇಶದ ಯೂಲಿಪ್ ಪಾಲಿಸಿಗಳಲ್ಲಿ ಕಂತಿನ ಹಣವು ಯೂನಿಟ್ಟುಗಳಾಗಿ ನಿಧಿಯನ್ನು ಸೇರಿ ಪೇಟೆಯ ಏರಿಳಿತಗಳಿಗೆಲ್ಲ ಗುರಿಯಾಗುವುದಷ್ಟೆ, ಇಲ್ಲಿ ಹಾಗಲ್ಲ. ಸಂಸ್ಥೆಯು ಗ್ರಾಹಕನಿಂದ ಪಡೆದ 100 ಡಾಲರುಗಳಲ್ಲಿ ಸುಮಾರು 96 ಡಾಲರು 15 ಸೆಂಟುಗಳನ್ನು ಶೇಕಡಾ 4ರ ಬಡ್ಡಿ ತರುವ ಬಾಂಡುಗಳಲ್ಲಿ ತೊಡಗಿಸಿತೆನ್ನೋಣ; ವರ್ಷಾಂತ್ಯಕ್ಕೆ ಅದು ಬೆಳೆದು ಮತ್ತೆ 100 ಆಗುವುದರಿಂದ ಮೂಲಧನದ ಭರವಸೆ ಅಲ್ಲಿಗೆ ಈಡೇರಿತು. ಉಳಿದ 3 ಡಾಲರು 85 ಸೆಂಟುಗಳಲ್ಲಿ ತನ್ನ ವೆಚ್ಚವನ್ನೂ ಲಾಭವನ್ನೂ ಕಳೆದು ಮಿಕ್ಕುದರಿಂದ ಅದು ಸೂಚ್ಯಂಕದ ಮೇಲೆ ಕಾಲ್ ಆಪ್ಷನ್ ಕೊಳ್ಳುವುದು. ಆದರೆ ಪೇಟೆಯ ವಾರ್ಷಿಕ ಚಾಂಚಲ್ಯವು ಶೇಕಡಾ 20ರಷ್ಟಿರುವಾಗ, ಇಂದಿನ ಮಟ್ಟದಿಂದ ಮೇಲಕ್ಕಾಗುವ ಏರಿಕೆಯನ್ನೆಲ್ಲ ದೊರಕಿಸುವ ಒಂದು ವರ್ಷದ ಆಪ್ಷನ್ನಿಗೆ ಎಂಟು ಡಾಲರಿಗೂ ಮೀರಿದ ಬೆಲೆ ಬೀಳುತ್ತದೆ. ಈ ಕೊರತೆಯನ್ನು ತುಂಬಿಕೊಳ್ಳುವುದಕ್ಕಾಗಿ ಸಂಸ್ಥೆಯು ಒಂದು ನಿರ್ದಿಷ್ಟ ಮಟ್ಟಕ್ಕಿಂತ ಮೇಲಣ ಏರಿಕೆಯ ಹಕ್ಕನ್ನು ಪೇಟೆಯಲ್ಲಿ ಮಾರಿಬಿಡುತ್ತದೆ. ಆ ಮಟ್ಟವೇ ಗ್ರಾಹಕನ ಕರಾರಿನಲ್ಲಿ ಕ್ಯಾಪ್ ಎಂಬ ಗರಿಷ್ಠಮಿತಿಯಾಗಿ ಕಾಣಿಸಿಕೊಳ್ಳುವುದು. ಮಾರದೆ, ಇದ್ದ ಹಣಕ್ಕೆ ಆಪ್ಷನ್ನಿನ ಒಂದಂಶವನ್ನಷ್ಟೆ ಕೊಂಡರೆ ಅದು ಭಾಗಿತ್ವದ ಪ್ರಮಾಣವೆನಿಸುತ್ತದೆ. ಬಡ್ಡಿಯ ದರ ಕುಸಿದ ಕಾಲದಲ್ಲಿ ಕ್ಯಾಪ್‌ಗಳೂ ಕುಗ್ಗಿದುದಕ್ಕೆ ಕಾರಣ ಇದೇ.

ಏರಿಕೆಯನ್ನು ಅಳೆಯುವ ಕ್ರಮಗಳಲ್ಲಿಯೂ ಭೇದವುಂಟು. ವರ್ಷದ ಆದಿ ಅಂತ್ಯಗಳೆರಡನ್ನೇ ಹೋಲಿಸುವುದು ಸರಳವಾದುದು. ಅದರ ವಿಷಯದಲ್ಲಿ ಹೇಳತಕ್ಕುದು ಹೆಚ್ಚಿಲ್ಲ. ಮಾಸಿಕ ಸರಾಸರಿಯ ಕ್ರಮವು ಹೆಚ್ಚು ಎಚ್ಚರಿಕೆಯನ್ನು ಬೇಡುತ್ತದೆ. ಸೂಚ್ಯಂಕವು 100ರಿಂದ ತಿಂಗಳಿಗೊಂದು ಅಂಶದಂತೆ ಏರಿ 112ನ್ನು ಮುಟ್ಟಿದರೆ, ಹನ್ನೆರಡು ಮಾಸಾಂತ್ಯಗಳ ಸರಾಸರಿ 106.5 ಮಾತ್ರ, ಶೇಕಡಾ 12ರ ಏರಿಕೆ ಶೇಕಡಾ 6.5 ಆಯಿತು. ಏರಿದ ಪೇಟೆ ವರ್ಷದ ಕೊನೆಗೆ ಕುಸಿದಾಗ ಇದೇ ಕ್ರಮ ಗ್ರಾಹಕನಿಗೆ ಅನುಕೂಲವಾಗಬಹುದೆಂಬುದೂ ನಿಜ. ಮಾಸಿಕ ಮೊತ್ತದ ಕ್ರಮವಾದರೋ ಇನ್ನಷ್ಟು ಮೋಹಕ: ಪ್ರತಿ ತಿಂಗಳ ಲಾಭಕ್ಕೆ ಶೇಕಡಾ 2ರ ಮಿತಿಯೆಂದರೆ ವರ್ಷಕ್ಕೆ 24 ಎಂದು ಕೇಳುವವನು ಎಣಿಸುತ್ತಾನೆ, ಆದರೆ ಲಾಭಕ್ಕೆ ಮಿತಿಯಿದ್ದು ತಿಂಗಳ ನಷ್ಟಕ್ಕೆ ಯಾವ ಮಿತಿಯೂ ಇಲ್ಲವಾದುದರಿಂದ, ಹನ್ನೊಂದು ತಿಂಗಳು ಪೂರ್ಣ ಲಾಭ ದೊರೆತು ಒಂದು ತಿಂಗಳು ಪೇಟೆ ಶೇಕಡಾ 10 ಇಳಿದರೆ ಕೈಗೆ ಬರುವುದು 12.

ಈಗ ಎಸ್ ಅಂಡ್ ಪಿ 500 ಸೂಚ್ಯಂಕದ ನೈಜ ಅಂಕಿಗಳನ್ನು ಪರಿಶೀಲಿಸೋಣ. 2007ರ ಅಂತ್ಯದಲ್ಲಿ 1468.36 ಇದ್ದ ಅದು ಮುಂದಿನ ವರ್ಷಾಂತ್ಯಕ್ಕೆ 903.25ಕ್ಕೆ ಇಳಿದು, 2009ರಲ್ಲಿ 1115.10ಕ್ಕೂ 2010ರಲ್ಲಿ 1257.64ಕ್ಕೂ ಏರಿ, 2011ರಲ್ಲಿ 1257.60ರಲ್ಲಿ ನಿಂತು, 2012ರಲ್ಲಿ 1426.19ನ್ನೂ 2013ರಲ್ಲಿ 1848.36ನ್ನೂ ಮುಟ್ಟಿತು. ಪ್ರತಿವರ್ಷವೂ ಆರಂಭಬಿಂದುವನ್ನು ಹೊಸದಾಗಿ ನಿಗದಿಮಾಡುವ ಒಂದು ಕರಾರಿನಲ್ಲಿ ಶೇಕಡಾ 6ರ ಕ್ಯಾಪ್ ಆರು ವರ್ಷವೂ ಬದಲಾಗದೆ ಇದ್ದಿತೆಂದು ಭಾವಿಸಿದರೆ, ನಾಲ್ಕು ವರ್ಷ ಆರಾರು, ಎರಡು ವರ್ಷ ಸೊನ್ನೆ. ಚಕ್ರಬಡ್ಡಿಯ ಲೆಕ್ಕದಿಂದ 100 ಡಾಲರು 126.25 ಆಗುತ್ತದೆ. ಸೂಚ್ಯಂಕವೇ ಬೆಳೆದದ್ದು ಶೇಕಡಾ 25.88. ಅಪಾಯವಿಲ್ಲದೆ ಪೇಟೆಯನ್ನು ಮೀರಿಸಿದೆವೆಂದು ದಲ್ಲಾಳಿ ಹೇಳುವುದಕ್ಕೆ ಇದಕ್ಕಿಂತ ಚೆಲುವಾದ ಅಂಕಿ ಬೇಕೆ? ಆದರೆ ಆರಂಭವನ್ನು ಒಂದೇ ವರ್ಷ ಮುಂದೂಡಿ 2008ರ ಅಂತ್ಯದಿಂದ ಎಣಿಸಿದರೆ ಕರಾರು ಕೊಡುವುದು ಅದೇ ಶೇಕಡಾ 26.25, ಸೂಚ್ಯಂಕ ಏರಿದುದು ಶೇಕಡಾ 104.6. ಮೇಲಾಗಿ, ಕರಾರು ಆಧರಿಸುವುದು ಬೆಲೆಯ ಸೂಚ್ಯಂಕವನ್ನು. ಕಂಪನಿಗಳು ಹಂಚುವ ಡಿವಿಡೆಂಡ್ ಅದರಲ್ಲಿ ಸೇರಿಲ್ಲ. ಅದನ್ನು ಸೇರಿಸಿ ಮರುಹೂಡಿಕೆ ಮಾಡಿದ್ದರೆ, ಕರಾರಿಗೆ ಅತ್ಯಂತ ಅನುಕೂಲವಾದ ಆ ಮೊದಲ ಆರು ವರ್ಷಗಳಲ್ಲಿಯೂ ಷೇರುಗಳ ಪ್ರತಿಫಲ ಶೇಕಡಾ 43ಕ್ಕೆ ಕಡಮೆಯಿರಲಿಲ್ಲ.

ಈ ಕರಾರುಗಳನ್ನು ಷೇರುಪತ್ರಗಳಂತೆ ನಿಯಂತ್ರಿಸಲು ಅಲ್ಲಿನ ಸೆಕ್ಯುರಿಟೀಸ್ ಆಯೋಗವು 2008ರ ಡಿಸೆಂಬರಿನಲ್ಲಿ ಅಂಗೀಕರಿಸಿದ 151-ಎ ನಿಯಮವನ್ನು 2010ರಲ್ಲಿ ವಾಷಿಂಗ್ಟನ್ನಿನ ಫೆಡರಲ್ ಮೇಲ್ಮನವಿ ನ್ಯಾಯಾಲಯವು ರದ್ದುಪಡಿಸಿತು. ಅದೇ ವರ್ಷದ ಡಾಡ್-ಫ್ರಾಂಕ್ ಶಾಸನವು ಇವನ್ನು ಬಹುಮಟ್ಟಿಗೆ ರಾಜ್ಯಗಳ ವಿಮಾಧಿಕಾರಿಗಳ ಕೈಗೇ ಬಿಟ್ಟಿತು. ಸೂಚ್ಯಂಕಾನುಬದ್ಧ ಜೀವವಿಮೆಯ ಪಾಲಿಸಿಗಳಲ್ಲಿ ಭವಿಷ್ಯದ ಪ್ರತಿಫಲವನ್ನು ಮನಬಂದಂತೆ ಚಿತ್ರಿಸುವುದಕ್ಕೆ 2015ರಲ್ಲಿ ಮಿತಿ ಹಾಕಲಾಯಿತು. ಇವೆಲ್ಲ ಅವಶ್ಯಕವೇ ಆದರೂ, ಗ್ರಾಹಕನಿಗೆ ನಿಜವಾಗಿ ಬಾಧಕವಾದ ಒಂದು ಅಂಶ ಕರಾರಿನ ಸಣ್ಣಕ್ಷರಗಳಲ್ಲೇ ಉಳಿದಿದೆ: ಸಾಮಾನ್ಯವಾಗಿ ಮೊದಲ ಅವಧಿಯ ಕ್ಯಾಪ್‌ಗೆ ಮಾತ್ರ ಭರವಸೆ, ಅಲ್ಲಿಂದ ಮುಂದೆ ಒಂದು ಕನಿಷ್ಠ ಮಟ್ಟದವರೆಗೆ ಅದನ್ನು ಇಳಿಸುವ ಅಧಿಕಾರ ಸಂಸ್ಥೆಗಿದೆ, ಬಿಟ್ಟು ಹೊರಡುವವನಿಗೋ ಹಲವು ವರ್ಷಗಳ ಕಾಲ ಸರೆಂಡರ್ ಶುಲ್ಕದ ಅಡ್ಡಿ.

ಆದುದರಿಂದ ಈ ವರ್ಷಾಶನಗಳನ್ನು ಷೇರುಗಳೊಡನೆ ತೂಗುವುದು ಅಸಮಂಜಸ. ನಿಶ್ಚಿತ ಬಡ್ಡಿಯ ಠೇವಣಿಗಳೊಡನೆ ತೂಗುವುದೇ ನ್ಯಾಯ. ಅಮೆರಿಕದಲ್ಲಿ ನೆಲೆಸಿ ಇಂಥ ಕರಾರಿಗೆ ಸಹಿ ಹಾಕಹೊರಟಿರುವ ಕನ್ನಡಿಗರು ಸೂಚ್ಯಂಕದ ಹಿಂದಿನ ಚರಿತ್ರೆಯನ್ನು ಬದಿಗಿಟ್ಟು, ನವೀಕರಣದ ಕಾಲದಲ್ಲಿ ಕ್ಯಾಪ್ ಎಷ್ಟಕ್ಕೆ ಇಳಿಯಬಹುದೆಂಬುದನ್ನು ಮೊದಲು ಬರಹದಲ್ಲಿ ಕೇಳಿ ಪಡೆಯಲಿ.