ಜೋಲಿಯಿಂದ ಕೂಸಿನ ಮನೆಗೆ

ಹೊಲದ ಬದುವಿನ ಬೇವಿನ ಕೊಂಬೆಗೆ ಕಟ್ಟಿದ ಹಳೆ ಸೀರೆಯ ಜೋಲಿ ಕನ್ನಡ ನಾಡಿನ ಅತ್ಯಂತ ಸರಳ ತೊಟ್ಟಿಲು. ಸೀರೆಯನ್ನು ಇಳಿಬಿಟ್ಟು ಗಂಟು ಹಾಕಿದರೆ ಸಾಕು, ಕೂಸಿನ ಭಾರಕ್ಕೆ ಬಟ್ಟೆ ತಾನಾಗಿಯೇ ಗುಳಿಬಿದ್ದು ಹಾಸಿಗೆಯಾಗುತ್ತದೆ. ಎರಡೂ ಬದಿಯ ಬಟ್ಟೆ ಮುಚ್ಚಿಕೊಂಡು ಬಿಸಿಲನ್ನೂ ನೊಣವನ್ನೂ ತಡೆಯುತ್ತದೆ. ನೆಲಕ್ಕೆ ತಾಗದ ಕಾರಣ ಇರುವೆ, ಚೇಳುಗಳ ಭಯ ಕಡಿಮೆ. ಕಳೆ ಕೀಳುವ ತಾಯಿ ಸಾಲು ಮುಗಿದಾಗ ಬಂದು ಹಾಲೂಡಿಸಿ, ನಾಲ್ಕು ಸಲ ತೂಗಿ, ಮತ್ತೆ ಸಾಲು ಹಿಡಿಯುತ್ತಾಳೆ. ದುಡಿಯುವ ತಾಯಿ ಕೂಸನ್ನು ಎಲ್ಲಿ ಬಿಡಬೇಕು ಎಂಬ ಪ್ರಶ್ನೆಗೆ ಜನ ಕಂಡುಕೊಂಡ ಮೊದಲ ಉತ್ತರಗಳಲ್ಲಿ ಜೋಲಿಯೂ ಒಂದು.

ಮನೆಯೊಳಗೆ ತೊಟ್ಟಿಲು ತೊಲೆಯಿಂದ ತೂಗುತ್ತಿತ್ತು. ಅದಕ್ಕೆ ಕಟ್ಟಿದ ಹಗ್ಗದ ತುದಿ ಕೆಲಸದಲ್ಲಿ ಕೂತವಳ ಕೈಗೋ ಕಾಲ್ಬೆರಳಿಗೋ ಸಿಗುವಂತಿರುತ್ತಿತ್ತು. ಅಕ್ಕಿ ಆರಿಸುತ್ತಲೇ ಕೂಸನ್ನು ತೂಗಬಹುದಿತ್ತು. ಹಲಸಂಗಿ ಗೆಳೆಯರು ಸಂಗ್ರಹಿಸಿ 1931ರಲ್ಲಿ ಹೊರತಂದ ‘ಗರತಿಯ ಹಾಡು’ ಸಂಕಲನದಲ್ಲಿ ಬೀಸುಕಲ್ಲಿನ ಹಾಡುಗಳ ಜೊತೆಗೆ ಕೂಸಿನ ಹಾಡುಗಳೂ ಸೇರಿವೆ. ಹಾಡಿದವರ ಬದುಕಿನಲ್ಲಿ ಬೀಸುವುದೂ ತೂಗುವುದೂ ಜೊತೆಜೊತೆಗೇ ಸಾಗುತ್ತಿದ್ದವು. ಅಜ್ಜಿ, ಅತ್ತೆ ಹತ್ತಿರವಿಲ್ಲದಾಗ ಕೂಸಿನ ಹೊಣೆ ಅಕ್ಕನ ಮೇಲೆ ಬೀಳುತ್ತಿತ್ತು. ತಮ್ಮನನ್ನು ಸೊಂಟದ ಮೇಲೆ ಹೊತ್ತು ತಿರುಗಿದ ಎಷ್ಟೋ ಹುಡುಗಿಯರಿಗೆ ಶಾಲೆಯ ಬಾಗಿಲು ದೂರವೇ ಉಳಿಯಿತು.

ತೊಟ್ಟಿಲನ್ನು ಕಲೆಯ ಎತ್ತರಕ್ಕೆ ಏರಿಸಿದ್ದು ಧಾರವಾಡ ಜಿಲ್ಲೆಯ ಕಲಘಟಗಿ. ಅಲ್ಲಿನ ಚಿತ್ರಗಾರರು ಮರದ ತೊಟ್ಟಿಲಿಗೆ ಅರಗಿನ ಬಣ್ಣ ಹಚ್ಚಿ, ಸುತ್ತಲ ಹಲಗೆಗಳ ಮೇಲೆ ರಾಮಾಯಣ, ಮಹಾಭಾರತ, ಕೃಷ್ಣಲೀಲೆಗಳ ಚಿತ್ರ ಬರೆಯುತ್ತಾರೆ. ಒಂದು ತೊಟ್ಟಿಲು ಹಲವು ತಲೆಮಾರುಗಳಿಗೆ ಒದಗುತ್ತದೆ. ನಾಮಕರಣದ ದಿನ ಅನೇಕ ಮನೆಗಳಲ್ಲಿ ಕೂಸಿಗಿಂತ ಮೊದಲು ತೊಟ್ಟಿಲೇರುವುದು ಗುಂಡುಕಲ್ಲು. ಮಗು ಕಲ್ಲಿನಂತೆ ಗಟ್ಟಿಯಾಗಿ ಬಾಳಲಿ ಎಂಬುದು ಅದರ ಆಶಯ. ಹಸುಗೂಸುಗಳ ಸಾವು ಮನೆಮನೆಯ ನೋವಾಗಿದ್ದ ಕಾಲದಲ್ಲಿ ಆ ಹಾರೈಕೆಯ ಹಿಂದೆ ನಿಜವಾದ ಅಂಜಿಕೆಯಿತ್ತು. ಚನ್ನಪಟ್ಟಣದ ಬಳಿಯ ದೊಡ್ಡಮಳೂರಿನಲ್ಲಿ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲಿನ ಹರಕೆ ಒಪ್ಪಿಸುವ ರೂಢಿ ಇಂದಿಗೂ ನಡೆದುಬಂದಿದೆ.

ಕಾರ್ಖಾನೆಯ ಕೆಲಸ ಬಂದಾಗ ಹಳೆಯ ಉತ್ತರಗಳು ಸಾಲಲಿಲ್ಲ. ಗಿರಣಿಯೊಳಗೆ ಜೋಲಿ ಕಟ್ಟಲು ಮರವಿರಲಿಲ್ಲ, ಪಾಳಿಯ ನಡುವೆ ಎದ್ದು ಹೋಗುವ ಸ್ವಾತಂತ್ರ್ಯವೂ ಇರಲಿಲ್ಲ. ಮುಂಬೈಯ ಬಟ್ಟೆ ಗಿರಣಿಗಳಿಗೆ ಹೋಗುವ ತಾಯಂದಿರು ಕೂಸು ಅಳದೆ ಮಲಗಿರಲೆಂದು ಅಫೀಮು ಕೊಡುತ್ತಿದ್ದರು. ಅದು ಅವರ ನಿರ್ದಯತೆಯಲ್ಲ, ಬೇರೆ ದಾರಿಯಿಲ್ಲದ ಅಸಹಾಯಕತೆ. 1934ರ ಕಾರ್ಖಾನೆ ಕಾಯ್ದೆ ಕೂಸುಗಳಿಗೆ ಕೋಣೆ ಒದಗಿಸುವಂತೆ ನಿಯಮ ಮಾಡುವ ಅಧಿಕಾರವನ್ನು ಪ್ರಾಂತೀಯ ಸರ್ಕಾರಗಳಿಗೆ ನೀಡಿತು. 1948ರ ಕಾಯ್ದೆ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುವಿಹಾರವನ್ನು ಕಡ್ಡಾಯಗೊಳಿಸಿತು. 50ಕ್ಕಿಂತ ಹೆಚ್ಚು ಮಹಿಳೆಯರಿರುವ ಕಾರ್ಖಾನೆಗಳಿಗೆ ಅನ್ವಯಿಸುತ್ತಿದ್ದ ಈ ನಿಯಮ 1976ರ ತಿದ್ದುಪಡಿಯ ನಂತರ 30ಕ್ಕಿಂತ ಹೆಚ್ಚು ಮಹಿಳೆಯರಿರುವ ಕಡೆಗೂ ವಿಸ್ತರಿಸಿತು. 1951ರ ತೋಟ ಕಾರ್ಮಿಕರ ಕಾಯ್ದೆ ಕೊಡಗು, ಚಿಕ್ಕಮಗಳೂರುಗಳ ದೊಡ್ಡ ಕಾಫಿ ತೋಟಗಳಿಗೂ ಇಂಥದೇ ಹೊಣೆ ಹೊರಿಸಿತು.

ಹೊಲದ ಕೂಲಿಯವರಿಗೆ ಈ ಯಾವ ಕಾಯ್ದೆಯೂ ತಲುಪಲಿಲ್ಲ. 1975ರಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ದೇಶದ ಮೊದಲ 33 ಕ್ಷೇತ್ರಗಳಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರವೂ ಇತ್ತು. ಊರೂರಿಗೆ ಅಂಗನವಾಡಿಗಳು ಬಂದವು. ಆದರೆ ಅಲ್ಲಿ ದಿನವೂ ಕೂತು ಕಲಿಯುವವರು ಮೂರು ದಾಟಿದ ಮಕ್ಕಳು. ಅದಕ್ಕಿಂತ ಚಿಕ್ಕವರಿಗೆ ಆಹಾರ, ಚುಚ್ಚುಮದ್ದು ಸಿಕ್ಕವೇ ಹೊರತು ದಿನವಿಡೀ ನೋಡಿಕೊಳ್ಳುವ ಕೈ ಸಿಗಲಿಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆ ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಮಹಿಳೆಯನ್ನು ನೇಮಿಸಿ, ಆಕೆಗೂ ಕೂಲಿ ಕೊಡಬೇಕೆಂದಿತು. ಕೂಸು ನೋಡಿಕೊಳ್ಳುವುದೂ ಕೂಲಿಗೆ ಅರ್ಹವಾದ ದುಡಿಮೆಯೆಂದು ಕಾನೂನು ಒಪ್ಪಿಕೊಂಡ ಗಳಿಗೆಯದು.

ಕರ್ನಾಟಕ ಸರ್ಕಾರ 2023–24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಿಸಿದ ‘ಕೂಸಿನ ಮನೆ’ ಈ ಸಾಲಿನ ಇತ್ತೀಚಿನ ಕೊಂಡಿ. ತಾಯಿ ಕೂಲಿಗೆ ಹೋದಾಗ ಅವಳ ಪುಟ್ಟ ಮಗುವನ್ನು ತರಬೇತಿ ಪಡೆದ ಸ್ಥಳೀಯ ಮಹಿಳೆಯರು ಇಲ್ಲಿ ನೋಡಿಕೊಳ್ಳುತ್ತಾರೆ. ಬೇವಿನ ಕೊಂಬೆಯ ಕೆಳಗೆ ತಾಯಿಯೊಬ್ಬಳೇ ಹೊತ್ತಿದ್ದ ಹೊಣೆಯಲ್ಲಿ ಊರೂ ಪಾಲು ತೆಗೆದುಕೊಂಡಿದೆ.