ಧೂಳು, ಕಾರು, ಎರಡು ಪೈಸೆ: ಕುದ್ಮುಲ್ ರಂಗರಾಯರ ಸಮಾಧಿಬರಹದ ಮರು ಓದು

ಕುದ್ಮುಲ್ ರಂಗರಾಯರ (1859–1928) ಬಗ್ಗೆ ಬರೆದವರೆಲ್ಲ ಮಂಗಳೂರಿನ ಅವರ ಸಮಾಧಿಬರಹದ ಮುಂದೆ ಕೈಮುಗಿದು ನಿಲ್ಲುತ್ತಾರೆ. ತಮ್ಮ ಶಾಲೆಯಲ್ಲಿ ಕಲಿತ ದಲಿತ ಮಗು ಸರ್ಕಾರಿ ಹುದ್ದೆಗೇರಿ ಕಾರಿನಲ್ಲಿ ಓಡಾಡಬೇಕು, ಆ ಕಾರು ಎಬ್ಬಿಸಿದ ಧೂಳು ತಮ್ಮ ತಲೆಗೆ ತಾಗಿದರೆ ಬದುಕು ಸಾರ್ಥಕ ಎಂಬುದು ಅದರ ತಾತ್ಪರ್ಯ. ಸ್ಮರಣ ಸಂಚಿಕೆಗಳು ಇದನ್ನು ಸಂತನ ವಿನಯವೆಂದು ಓದಿವೆ. ಅದನ್ನೇ ಮುಂದುವರಿಸಿದ ಕೆಲವರು ರಾಯರನ್ನು ಹರಿಜನೋದ್ಧಾರ ಚಳವಳಿಯ ಪೂರ್ವಸೂರಿಗಳ ಪಟ್ಟಿಗೆ ಸೇರಿಸಿ ಕೈತೊಳೆದುಕೊಂಡಿದ್ದಾರೆ. ಈ ಓದನ್ನು ನಾನು ಒಪ್ಪುವುದಿಲ್ಲ.

ಯಾರು ಮೊದಲು ಎಂಬ ಕಾಲಗಣನೆಯ ಪ್ರಶ್ನೆಯನ್ನು ಬೇಗ ಮುಗಿಸಬಹುದು. ರಾಯರು ಉರ್ವ ಚಿಲಿಂಬಿಯಲ್ಲಿ ಶಾಲೆ ತೆರೆದದ್ದು 1892ರಲ್ಲಿ, ದಲಿತರ ಏಳಿಗೆಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ್ದು 1897ರಲ್ಲಿ. ವಿಠ್ಠಲ ರಾಮಜಿ ಶಿಂದೆಯವರು ಮುಂಬಯಿಯಲ್ಲಿ ಇದೇ ಹೆಸರಿನ ಸಂಸ್ಥೆ ಆರಂಭಿಸಿದ್ದು 1906ರಲ್ಲಿ; ಗಾಂಧೀಜಿಯವರ ಹರಿಜನ ಸೇವಕ ಸಂಘ ಹುಟ್ಟಿದ್ದು 1932ರಲ್ಲಿ. (ಮಂಗಳೂರಿನ ಮಿಷನ್ ಮುಂಬಯಿಯ ಕೊಂಬೆಯಾಗಿ ಹುಟ್ಟಿತೆನ್ನುವವರು ಈ ಇಸವಿಗಳನ್ನು ಅಕ್ಕಪಕ್ಕ ಇಟ್ಟು ನೋಡಲಿ. ಶಿಂದೆಯವರ ಮೇಲೆ ನನಗಿರುವ ಗೌರವ ಇದರಿಂದ ಕಡಿಮೆಯಾಗುವುದಿಲ್ಲ.)

ಸಮಾಧಿಬರಹದ ವಿಷಯ ಅಷ್ಟು ಸುಲಭದ್ದಲ್ಲ. ಕಲ್ಲಿನ ಮೇಲಿನ ಮಾತು ಮರಣಾನಂತರದ್ದು, ಹಾಗಾಗಿ ಕಾರಿನ ಉಲ್ಲೇಖ ಅಭಿಮಾನಿಗಳು ಸೇರಿಸಿದ್ದಿರಬೇಕು ಎಂಬ ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ, ಅಂದರೆ ನಮ್ಮ ಸಿ.ಪಿ.ಸಿ. ಬಸ್ ಕಂಪೆನಿ, ಮಂಗಳೂರಿನಲ್ಲಿ ಆರಂಭವಾದದ್ದು 1914ರಲ್ಲಿ. ರಾಯರ ಕೊನೆಯ ಹದಿನಾಲ್ಕು ವರ್ಷಗಳಲ್ಲಿ ಮೋಟಾರು ಈ ಊರಿಗೆ ಕಾಣದ ವಸ್ತುವಾಗಿರಲಿಲ್ಲ. ಸ್ವಂತ ಕಾರು ಅಧಿಕಾರಿಗಳಿಗೂ ಸಿರಿವಂತರಿಗೂ ಸೇರಿದ್ದೆಂಬುದನ್ನು ವಕೀಲರಾಗಿದ್ದ ಅವರು ಕಚೇರಿಯ ಅಂಗಳದಲ್ಲೇ ಕಂಡಿರಬೇಕು. ಮಾತು ಅವರದ್ದೇ ಎಂದು ಇದರಿಂದ ಸಿದ್ಧವಾಗುವುದಿಲ್ಲ, ನಿಜ. ಆದರೆ ಅದು ಅವರದ್ದಾಗಿರಲಾರದು ಎಂಬ ವಾದ ಇಲ್ಲಿಗೆ ಬೀಳುತ್ತದೆ.

ಇನ್ನು ಆ ಮಾತಿನ ಅರ್ಥ. ಅದರಲ್ಲಿ ಎರಡು ಭಾಗಗಳಿವೆ. ಭಕ್ತರಿಗೆ ಬೇಕಾದದ್ದು ಧೂಳು. ಹುದ್ದೆ, ಕಾರುಗಳನ್ನು ಅವರು ದಾಟಿಹೋಗುತ್ತಾರೆ. ಮಿಷನ್ನಿನ ಕೆಲಸ ನಿಂತದ್ದು ಅವರು ದಾಟಿಹೋದ ಆ ಮೊದಲ ಭಾಗದ ಮೇಲೆ. ಶಾಲೆಗೆ ಬಂದ ಮಗುವಿಗೆ ಮಧ್ಯಾಹ್ನದ ಊಟ ಸಿಗುತ್ತಿತ್ತು, ದಿನಕ್ಕೆ ಎರಡು ಪೈಸೆಯೂ ಸಿಗುತ್ತಿತ್ತು. ಕೆಲವು ಬರಹಗಾರರು ಇದನ್ನು ಆಮಿಷ ಎಂದು ಹಗುರವಾಗಿ ಕರೆದಿದ್ದಾರೆ. ದನ ಕಾಯುವ, ಹೊರೆ ಹೊರುವ ಮಗು ಶಾಲೆಗೆ ಬಂದರೆ ಆ ಮನೆಯ ಒಲೆಗೆ ಎಷ್ಟು ನಷ್ಟ ಎಂಬ ಲೆಕ್ಕ ಇವರಲ್ಲಿ ಯಾರೂ ಹಾಕಿದಂತಿಲ್ಲ. ರಾಯರು ಹಾಕಿದ್ದರು. ಅಕ್ಷರ ಉಚಿತವಾದ ಮಾತ್ರಕ್ಕೆ ಬಡವನ ಕೈಗೆಟುಕುವುದಿಲ್ಲ, ಕೈತಪ್ಪಿದ ಕೂಲಿಯನ್ನೂ ತುಂಬಿಕೊಡಬೇಕು ಎಂಬ ತಿಳಿವಳಿಕೆ ಆ ಎರಡು ಪೈಸೆಯಲ್ಲಿದೆ. ಉಪಕಾರದ ಇತಿಹಾಸ ಬರೆಯುವವರು ಇದನ್ನು ಅಡಿಟಿಪ್ಪಣಿಗೆ ತಳ್ಳಿರುವುದು ನನಗೆ ನೋವಿನ ಸಂಗತಿ.

ಮಿಷನ್ನಿನ ಉಳಿದ ಕೆಲಸಗಳೂ ಇದೇ ದಿಕ್ಕಿನವು. ಕೈಕಸುಬಿನ ತರಬೇತಿಯಲ್ಲಿ ಮಗ್ಗವಿತ್ತು (ಬಾಸೆಲ್ ಮಿಷನ್ನಿನ ನೇಯ್ಗೆಯ ಮಾದರಿ ಊರಲ್ಲೇ ಇದ್ದುದರಿಂದ ಇದು ಹೊಸ ಆವಿಷ್ಕಾರವಲ್ಲ, ಹಾಗೆಂದು ಹೊಗಳುವುದೂ ಬೇಡ). ವಿದ್ಯಾರ್ಥಿನಿಲಯವಿತ್ತು. ಮನೆ ಕಟ್ಟಿಕೊಳ್ಳಲು ಸರ್ಕಾರದಿಂದ ಜಾಗ ಪಡೆಯುವ ಯತ್ನವಿತ್ತು. ಸ್ಥಳೀಯ ಮಂಡಳಿಗಳಲ್ಲಿ ದಲಿತರಿಗೆ ಸ್ಥಾನ ಕೊಡಿಸುವ ಹಟವಿತ್ತು. ಕೂಲಿ, ಕಸುಬು, ನೆಲ, ಅಧಿಕಾರ: ಈ ಏಣಿಯ ತುದಿಯಲ್ಲಿ ಆ ಕಾರನ್ನು ಇಟ್ಟು ನೋಡಿದರೆ ಸಮಾಧಿಬರಹ ಒಂದು ಕಾರ್ಯಕ್ರಮವಾಗಿ ಕಾಣುತ್ತದೆ. ಮೇಲ್ಜಾತಿಯ ಹೃದಯಶುದ್ಧಿಗೆ ಅಲ್ಲಿ ಮೊದಲ ಸ್ಥಾನವಿಲ್ಲ.

ಧೂಳನ್ನು ನಾನು ಅಲ್ಲಗಳೆಯುತ್ತಿಲ್ಲ. ಸ್ವಜಾತಿಯ ಸಾರಸ್ವತರಿಂದ ಬಹಿಷ್ಕಾರ ಉಂಡ ಮನುಷ್ಯನ ಬಾಯಲ್ಲಿ ಅದಕ್ಕೆ ತೂಕವಿದೆ. ಆದರೆ ಅಲ್ಲಿ ಯಾರು ಯಾರನ್ನು ದಾಟಿ ಹೋಗುತ್ತಾರೆ ಎಂಬುದನ್ನು ಗಮನಿಸಬೇಕು. ಕಾರಿನಲ್ಲಿ ಹೋಗುವವನು ಇಳಿದು ರಾಯರಿಗೆ ನಮಸ್ಕರಿಸಬೇಕೆಂಬ ಬಯಕೆ ಅದರಲ್ಲಿಲ್ಲ. ಕೃತಜ್ಞತೆಯನ್ನು ಬೇಡದ ಉಪಕಾರ ಇದು. ಕೊನೆಗಾಲದಲ್ಲಿ ಅವರು ಮಿಷನ್ನನ್ನು ಮನೆತನದ ಸ್ವತ್ತಾಗಿ ಉಳಿಸಿಕೊಳ್ಳದೆ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಗೆ ಒಪ್ಪಿಸಿದ್ದನ್ನೂ ಇದರ ಜೊತೆಗೇ ಓದಬೇಕು. 1934ರಲ್ಲಿ ಗಾಂಧೀಜಿ ಮಂಗಳೂರಿಗೆ ಬಂದಾಗ ರಾಯರು ತೀರಿಕೊಂಡು ಆರು ವರ್ಷವಾಗಿತ್ತು, ಶಾಲೆಗಳು ನಡೆಯುತ್ತಿದ್ದವು.